ಹೊಸ ಹವಳ ಮುದುಡಿಕೊಂಡಿದೆ, ಏನು ಮಾಡಲಿ? – ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟು ಮೊದಲ ಸಲ ಹವಳ ತಂದವರಿಗಾಗಿ ಇದನ್ನು ಬರೆದಿದ್ದೇನೆ. ಅಂಗಡಿಯಲ್ಲಿ ಹೂವಿನಂತೆ ಅರಳಿದ್ದ ಜೀವ ಮನೆಗೆ ಬಂದ ಮೇಲೆ ಮುಷ್ಟಿ ಬಿಗಿದಂತೆ ಮುಚ್ಚಿಕೊಂಡರೆ ಸಂಕಟವಾಗುತ್ತದೆ. ಆ ಸಂಕಟದಲ್ಲಿ ನಾವು ಮಾಡುವ ಕೆಲಸಗಳೇ ಎಷ್ಟೋ ಸಲ ಅದನ್ನು ಇನ್ನೂ ಬಳಲಿಸುತ್ತವೆ. ಹೆಚ್ಚಿನ ಉತ್ತರಗಳು ಲೆದರ್, ಜೋವಾ, ಮಶ್ರೂಮ್‌ನಂಥ ಮೆತ್ತನೆಯ ಹವಳಗಳ ಬಗ್ಗೆ ಇವೆ. ಹೊಸಬರಿಗೆ ಹೊಂದುವುದು ಇವೇ. ಗಟ್ಟಿ ಅಸ್ಥಿಯಿರುವ ಕಲ್ಲುಹವಳದ ಮಾತು ಬಂದ ಕಡೆ ಹಾಗೆಂದೇ ಹೇಳಿದ್ದೇನೆ.

ಮೂರು ದಿನದ ಹಿಂದೆ ತಂದ ಲೆದರ್ ಕೋರಲ್ ಇನ್ನೂ ಮುಚ್ಚಿಕೊಂಡೇ ಇದೆ. ಸತ್ತುಹೋಯ್ತಾ?

ಬಹುಮಟ್ಟಿಗೆ ಇಲ್ಲ. ಹವಳ ಗಿಡವಲ್ಲ, ಪ್ರಾಣಿ. ಪಾಲಿಪ್ ಎಂಬ ಪುಟ್ಟ ಪುಟ್ಟ ಬಾಯಿಗಳ ಗುಂಪು ಅದು. ಜಾಗ, ಬೆಳಕು, ನೀರು ಮೂರೂ ಒಂದೇ ದಿನ ಬದಲಾದರೆ ಪಾಲಿಪ್‌ಗಳನ್ನು ಒಳಗೆಳೆದುಕೊಂಡು ಕೂರುತ್ತದೆ. ನಾಟಿ ಮಾಡಿದ ಭತ್ತದ ಪೈರು ಮೊದಲ ಕೆಲವು ದಿನ ಹಳದಿ ತಿರುಗಿ, ಬೇರು ಹಿಡಿದ ಮೇಲೆ ಹಸಿರಾಗುತ್ತದಲ್ಲ, ಇದೂ ಹಾಗೆಯೇ. ಬೇರು ಹಿಡಿಯಿತಾ ಎಂದು ದಿನಾ ಕಿತ್ತು ನೋಡಿದರೆ ಪೈರು ಉಳಿಯುವುದಿಲ್ಲ.

ಜೋವಾ, ಮಶ್ರೂಮ್ ಸಾಮಾನ್ಯವಾಗಿ ಒಂದೆರಡು ದಿನದಿಂದ ಒಂದು ವಾರದೊಳಗೆ ಬಿಚ್ಚಿಕೊಳ್ಳುತ್ತವೆ. ಟೋಡ್‌ಸ್ಟೂಲ್ ಲೆದರ್ ಎರಡು ವಾರ ಮುಚ್ಚಿಕೊಂಡಿದ್ದರೂ ಆಶ್ಚರ್ಯವಿಲ್ಲ. ನನ್ನ ಮೊದಲನೆಯದು 12 ದಿನ ಹಾಗೇ ಇತ್ತು. ಅಷ್ಟರಲ್ಲಿ ನಾನು ಅದನ್ನು ನಾಲ್ಕು ಸಲ ಜಾಗ ಬದಲಿಸಿದ್ದೆ. ಕೊನೆಗೆ ಕೈ ಬಿಟ್ಟು ಸುಮ್ಮನಾದ ಐದನೇ ದಿನ ಅರಳಿತು.

ಮೇಲೆ ಮೇಣದಂಥ ಹೊಳೆಯುವ ಪೊರೆ ಬಂದಿದೆ. ಕಾಯಿಲೆಯಾ?

ಇಲ್ಲ. ಲೆದರ್ ಕೋರಲ್‌ಗಳು ಹಾವಿನ ಹಾಗೆ ಆಗಾಗ ಪೊರೆ ಬಿಡುತ್ತವೆ. ಮೈಮೇಲೆ ಕೂತ ಪಾಚಿ, ಕೊಳೆಯನ್ನು ಕಳಚಿಹಾಕುವ ದಾರಿ ಅದು. ಮೊದಲು ಪಾಲಿಪ್ ಒಳಗೆ ಹೋಗುತ್ತದೆ. ಮೈ ನುಣ್ಣಗೆ, ಮಂಕಾಗಿ ಕಾಣುತ್ತದೆ. ಆಮೇಲೆ ತೆಳು ಹಾಳೆಯಂತೆ ಪೊರೆ ಏಳುತ್ತದೆ. ಹೊಸ ಮನೆಗೆ ಬಂದಾಗ ಹೀಗಾಗುವುದು ತುಂಬಾ ಸಾಮಾನ್ಯ.

ಕೈಯಿಂದ ಸುಲಿಯಬೇಡಿ. ಹರಿವು ಸ್ವಲ್ಪ ತಾಗುವಂತೆ ಮಾಡಿದರೆ ಪೊರೆ ತಾನೇ ಹೋಗುತ್ತದೆ. ಅರ್ಧ ಎದ್ದು ಅಂಟಿಕೊಂಡಿದ್ದರೆ ಉದ್ದ ಪಿಪೆಟ್‌ನಿಂದ ಟ್ಯಾಂಕಿನ ನೀರನ್ನೇ ಮೆಲ್ಲಗೆ ಊದಿ. ಕಳಚಿದ ಚೂರುಗಳನ್ನು ಹೊರಗೆ ತೆಗೆಯಿರಿ.

ನಿಜವಾಗಿ ಸಾಯುತ್ತಿದ್ದರೆ ಹೇಗೆ ಗೊತ್ತಾಗುತ್ತದೆ?

ಮುಟ್ಟಿದರೆ ಗಟ್ಟಿಯಾಗಿ, ರಬ್ಬರಿನಂತಿದ್ದರೆ ಜೀವವಿದೆ. ಕರಗಿದ ಲೋಳೆಯಂತೆ ಕೈಗೆ ಬರುತ್ತಿದ್ದರೆ, ಬುಡ ಕಪ್ಪಾಗಿ ಕೊಳೆಯುತ್ತಿದ್ದರೆ ಆ ಭಾಗ ಹೋಗಿದೆ. ಅತಿ ನಂಬಿಕೆಯ ಪರೀಕ್ಷೆ ವಾಸನೆ. ಸತ್ತ ಹವಳದ ವಾಸನೆ ಕೊಳೆತ ಮೀನಿನದು. ಒಮ್ಮೆ ಮೂಸಿದವರು ಮರೆಯುವುದಿಲ್ಲ. ಬರೀ ಕಡಲ ವಾಸನೆಯಿದ್ದರೆ ಮತ್ತೆ ನೀರಿಗಿಟ್ಟು ಕಾಯಿರಿ.

ಕಲ್ಲುಹವಳದಲ್ಲಿ ನೋಡಬೇಕಾದ್ದು ಮಾಂಸ ಅಸ್ಥಿಯಿಂದ ಬಿಡುತ್ತಿದೆಯಾ ಎಂದು. ಬುಡದಿಂದ ಮೆಲ್ಲಗೆ ಬಿಡುತ್ತಿದ್ದರೆ ಕಾರಣ ಹುಡುಕಲು ಸಮಯವಿದೆ. ಗಂಟೆಗಳಲ್ಲಿ ಸಿಪ್ಪೆಯಂತೆ ಕಳಚುತ್ತಿದ್ದರೆ ಚೆನ್ನಾಗಿರುವ ತುದಿಯನ್ನು ಕತ್ತರಿಸಿ ಬೇರೆ ಇಡುವುದೊಂದೇ ದಾರಿ.

ಮನೆಗೆ ತಂದ ಮೊದಲ ಗಂಟೆಯಲ್ಲಿ ಏನು ಮಾಡಬೇಕು?

ಮೊದಲು ಟ್ಯಾಂಕಿನ ದೀಪ ತಗ್ಗಿಸಿ. ಚೀಲವನ್ನು ಬಿಚ್ಚದೆ 15ರಿಂದ 20 ನಿಮಿಷ ಟ್ಯಾಂಕಿನಲ್ಲಿ ತೇಲಿಸಿ, ಬಿಸಿ ಸಮವಾಗಲಿ. ಆಮೇಲೆ ಹವಳ, ಚೀಲದ ನೀರು ಎರಡನ್ನೂ ಒಂದು ಡಬ್ಬಿಗೆ ಹಾಕಿ, ಟ್ಯಾಂಕಿನ ನೀರನ್ನು ಐದು ನಿಮಿಷಕ್ಕೊಮ್ಮೆ ಒಂದು ಲೋಟದಂತೆ ಸೇರಿಸುತ್ತಾ ಹೋಗಿ. ಅರ್ಧ ಗಂಟೆ ಸಾಕು. ಚೀಲದ ನೀರನ್ನು ಟ್ಯಾಂಕಿಗೆ ಸುರಿಯಬೇಡಿ.

ಎರಡು ಗಂಟೆ ಡ್ರಿಪ್ ಮಾಡಿದರೆ, ಅಂದರೆ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಬಿಟ್ಟರೆ, ಇನ್ನೂ ಒಳ್ಳೆಯದು ಎಂದು ತುಂಬಾ ಜನ ನಂಬಿದ್ದಾರೆ. ಊರಿಂದೂರಿಗೆ ಪಾರ್ಸೆಲ್‌ನಲ್ಲಿ ಬಂದ ಹವಳಕ್ಕೆ ಇದು ಅಪಾಯ. ಮುಚ್ಚಿದ ಚೀಲದಲ್ಲಿ ಅಮೋನಿಯಾ ಕೂಡಿರುತ್ತದೆ. ಜೊತೆಗೆ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ. ಪಿಎಚ್ ಕಡಿಮೆ ಇರುವಾಗ ಅಮೋನಿಯಾದ ವಿಷ ಕಡಿಮೆ. ಚೀಲ ಬಿಚ್ಚಿದ ಕೂಡಲೇ ಆ ಗಾಳಿ ಹೊರಗೆ ಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ಕಚ್ಚಲು ಶುರುಮಾಡುತ್ತದೆ. ಆದ್ದರಿಂದ 24 ಗಂಟೆಗೂ ಮೀರಿ ಪ್ರಯಾಣ ಮಾಡಿದ ಹವಳವಾದರೆ ಬಿಸಿ ಸಮ ಮಾಡಿ, ಉಪ್ಪಿನಂಶ ತೀರಾ ಬೇರೆ ಇಲ್ಲವೆಂದು ನೋಡಿಕೊಂಡು, ಬೇಗ ಒಳ್ಳೆಯ ನೀರಿಗೆ ಸೇರಿಸಿ.

ಮೊದಲೇ ಬಳಲಿದೆ. ಡಿಪ್ ಮಾಡಲೇಬೇಕಾ?

ಮಾಡಿ. ಡಿಪ್ ಎಂದರೆ ಅಯೋಡಿನ್ ಅಥವಾ ಸಸ್ಯದ ಎಣ್ಣೆಯಂಶವಿರುವ ದ್ರಾವಣದಲ್ಲಿ 5ರಿಂದ 15 ನಿಮಿಷ ಅದ್ದುವುದು. ಎಷ್ಟು ಹನಿ, ಎಷ್ಟು ಹೊತ್ತು ಎನ್ನುವುದು ಬಾಟಲಿಯ ಮೇಲೆ ಇರುತ್ತದೆ, ಅದನ್ನು ಮೀರಬೇಡಿ. ಟ್ಯಾಂಕಿನ ನೀರನ್ನೇ ಬೇರೆ ಡಬ್ಬಿಗೆ ತೆಗೆದು ಅದರಲ್ಲಿ ಮಾಡಿ. ಆಮೇಲೆ ಇನ್ನೊಂದು ಡಬ್ಬಿಯ ಶುದ್ಧ ಟ್ಯಾಂಕ್ ನೀರಿನಲ್ಲಿ ಜಾಲಾಡಿಸಿ.

ಚಪ್ಪಟೆ ಹುಳು, ಜೋವಾ ತಿನ್ನುವ ನ್ಯೂಡಿಬ್ರಾಂಕ್ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳು, ಸಮುದ್ರ ಜೇಡ ಇವೆಲ್ಲ ಹೀಗೆ ಉದುರುತ್ತವೆ. ಮೊಟ್ಟೆಗಳು ಮಾತ್ರ ಉದುರುವುದಿಲ್ಲ. ಹವಳ ಕೂತಿರುವ ಪ್ಲಗ್‌ನ ಅಡಿ ತಿರುಗಿಸಿ ನೋಡಿ, ಸುರುಳಿಯಾಗಿ ಅಂಟಿದ ಬಿಳಿ ಚುಕ್ಕೆಗಳಿದ್ದರೆ ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಸಾಧ್ಯವಿದ್ದರೆ ಪ್ಲಗ್ ಅನ್ನೇ ಬದಲಿಸಿ. ಐಪ್ಟೇಸಿಯಾ ಎಂಬ ಕಂದು ಕಳೆ ಅನಿಮೋನಿ ಬರುವುದೂ ಈ ಪ್ಲಗ್‌ಗಳ ಮೂಲಕವೇ.

ಒಂದು ಸಲ ಸಾಕು. ಮುಚ್ಚಿಕೊಂಡಿದೆ ಎಂಬ ಕಾರಣಕ್ಕೆ ಎರಡು ದಿನಕ್ಕೊಮ್ಮೆ ಡಿಪ್ ಮಾಡಿದರೆ ಗಾಯದ ಮೇಲೆ ಬರೆ ಎಳೆದ ಹಾಗೆ.

ನೀರಿನಲ್ಲಿ ಮೊದಲು ಏನನ್ನು ಅಳೆಯಲಿ?

ಉಪ್ಪಿನಂಶ, ಬಿಸಿ, ಆಲ್ಕಲಿನಿಟಿ (ಪಿಎಚ್ ಕುಸಿಯದಂತೆ ತಡೆಯುವ ನೀರಿನ ಶಕ್ತಿ, ಇದನ್ನು ಡಿಕೆಎಚ್‌ನಲ್ಲಿ ಅಳೆಯುತ್ತಾರೆ). ಈ ಮೂರು ಸರಿಯಿಲ್ಲದೆ ಮಿಕ್ಕಿದ್ದನ್ನು ಅಳೆದು ಉಪಯೋಗವಿಲ್ಲ. ಉಪ್ಪಿನಂಶ 35 ಪಿಪಿಟಿ (ಸಾವಿರ ಪಾಲಿನಲ್ಲಿ 35 ಪಾಲು), ಅಂದರೆ ಸ್ಪೆಸಿಫಿಕ್ ಗ್ರಾವಿಟಿ (ಸಿಹಿನೀರಿಗೆ ಹೋಲಿಸಿದ ಸಾಂದ್ರತೆ) ಸುಮಾರು 1.026. ಬಿಸಿ 24ರಿಂದ 26 ಡಿಗ್ರಿ ಸೆಲ್ಸಿಯಸ್. ಆಲ್ಕಲಿನಿಟಿ 8–9 ಡಿಕೆಎಚ್ ಆಸುಪಾಸು. ಅಮೋನಿಯಾ, ನೈಟ್ರೈಟ್ ಸೊನ್ನೆ ಇರಬೇಕು. ಇಲ್ಲದಿದ್ದರೆ ಟ್ಯಾಂಕ್ ಇನ್ನೂ ಹವಳಕ್ಕೆ ಸಿದ್ಧವಾಗಿಲ್ಲ. ಕಲ್ಲುಹವಳವಿದ್ದವರು ಕ್ಯಾಲ್ಸಿಯಂ 420, ಮೆಗ್ನೀಸಿಯಂ 1300 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು) ಹತ್ತಿರ ಇದೆಯಾ ಎಂದೂ ನೋಡಬೇಕು.

ತೇಲುಮುಳ್ಳಿನ ಪ್ಲಾಸ್ಟಿಕ್ ಹೈಡ್ರೋಮೀಟರ್ ನಂಬಬೇಡಿ. ಒಂದು ಗುಳ್ಳೆ ಅಂಟಿದರೂ ಸುಳ್ಳು ಹೇಳುತ್ತದೆ. ಬೆಳಕು ಬಾಗುವುದನ್ನು ನೋಡಿ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ತೆಗೆದುಕೊಳ್ಳಿ, ಅದನ್ನು 35 ಪಿಪಿಟಿ ದ್ರಾವಣ ಹಾಕಿ ಸರಿಹೊಂದಿಸಿ.

ನೈಟ್ರೇಟ್, ಫಾಸ್ಫೇಟ್ ಸೊನ್ನೆ ಇದ್ದರೆ ಒಳ್ಳೆಯದು ಎನ್ನುವುದು ಹಳೆಯ ನಂಬಿಕೆ. ಎರಡೂ ಪೂರ್ತಿ ಸೊನ್ನೆಯಾದರೆ ಹವಳ ಬಡವಾಗುತ್ತದೆ, ಡೈನೋ ಎಂಬ ಕಂದು ಲೋಳೆ ಪಾಚಿಯೂ ಬರಬಹುದು. ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇರಲಿ. ಮೆತ್ತನೆಯ ಹವಳಗಳು ಇನ್ನೂ ಸ್ವಲ್ಪ ಜಾಸ್ತಿಯಿದ್ದರೂ ತಡೆಯುತ್ತವೆ.

ಅಳೆದೆ, ಸಂಖ್ಯೆ ಸರಿಯಿಲ್ಲ. ಇವತ್ತೇ ಸರಿ ಮಾಡಿಬಿಡಲಾ?

ಬೇಡ! ಅಮೋನಿಯಾ ಕಂಡರೆ ಮಾತ್ರ ಅವತ್ತೇ ನೀರು ಬದಲಿಸಿ. ಉಳಿದದ್ದೆಲ್ಲ ನಿಧಾನ. ಆಲ್ಕಲಿನಿಟಿಯನ್ನು ದಿನಕ್ಕೆ 1 ಡಿಕೆಎಚ್‌ಗಿಂತ ಜಾಸ್ತಿ ಏರಿಸಬೇಡಿ. ಉಪ್ಪಿನಂಶವನ್ನು ಸ್ಪೆಸಿಫಿಕ್ ಗ್ರಾವಿಟಿಯ ಲೆಕ್ಕದಲ್ಲಿ ದಿನಕ್ಕೆ 0.001ರಷ್ಟು ಮಾತ್ರ ಬದಲಿಸಿ. ಬೆಳಿಗ್ಗೆ 7, ಸಂಜೆ 10 ಎಂದು ಆಡುವ ಆಲ್ಕಲಿನಿಟಿಗಿಂತ ಸದಾ 7.5ರಲ್ಲಿ ನಿಂತದ್ದು ಹವಳಕ್ಕೆ ಎಷ್ಟೋ ಮೇಲು. ನನ್ನನ್ನು ಕೇಳಿದರೆ ಈ ಇಡೀ ಪುಟದಲ್ಲಿ ನೆನಪಿಡಬೇಕಾದ ಮಾತು ಇದೇ: ಹವಳಕ್ಕೆ ಬೇಕಾದ್ದು ಒಂದೇ ಸಮನಾದ ನೀರು.

ಕಾವೇರಿ ನೀರು, ಬೋರ್‌ವೆಲ್ ನೀರು, ಅಡುಗೆಮನೆಯ ಆರ್‌ಓ – ಯಾವುದಕ್ಕೆ ಉಪ್ಪು ಬೆರೆಸಲಿ?

ನೇರವಾಗಿ ಯಾವುದಕ್ಕೂ ಬೇಡ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬೋರ್‌ವೆಲ್ ನೀರಿನಲ್ಲಿ ಗಡಸುತನ, ನೈಟ್ರೇಟ್ ಎಷ್ಟಿದೆಯೋ ಬೀದಿಗೊಂದು ಲೆಕ್ಕ. ಅಡುಗೆಮನೆಯ ಆರ್‌ಓ ಯಂತ್ರಗಳು ಕುಡಿಯಲು ರುಚಿ ಬರಲೆಂದು ಖನಿಜಾಂಶವನ್ನು ಉಳಿಸುತ್ತವೆ, ಕೆಲವು ಮತ್ತೆ ಸೇರಿಸುತ್ತವೆ. ನೀರಿನಲ್ಲಿ ಕರಗಿದ ಖನಿಜವನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿ, ಸೊನ್ನೆ ಬರುವುದೇ ಇಲ್ಲ. ಆರ್‌ಓ ನೀರನ್ನು, ಉಳಿದ ಖನಿಜವನ್ನು ಹಿಡಿದಿಟ್ಟುಕೊಳ್ಳುವ ಡಿಐ ರೆಸಿನ್ ತುಂಬಿದ ಕೊಳವೆಯ ಮೂಲಕ ಹಾಯಿಸಿ ಸೊನ್ನೆ ಟಿಡಿಎಸ್ ಮಾಡಿಕೊಳ್ಳಬೇಕು. ರೆಸಿನ್ ಕೊಳವೆಗೆ ಬಹಳ ದುಡ್ಡೇನೂ ಆಗುವುದಿಲ್ಲ. ಆ ನೀರಿಗೆ ರೀಫ್ ಟ್ಯಾಂಕಿನ ಸಾಲ್ಟ್ ಮಿಕ್ಸ್ ಬೆರೆಸಿ. ಅಡುಗೆ ಉಪ್ಪು ನಡೆಯುವುದಿಲ್ಲ.

ಮಲ್ಪೆಯಿಂದಲೋ ಮುರುಡೇಶ್ವರದಿಂದಲೋ ಕ್ಯಾನಿನಲ್ಲಿ ಕಡಲ ನೀರು ತರಬಹುದಾ ಎಂದು ಕರಾವಳಿಯವರು ಕೇಳುತ್ತಾರೆ. ದಡದ ನೀರಿಗೆ ಹೊಳೆ ನೀರು, ದೋಣಿಯ ಎಣ್ಣೆ, ಚರಂಡಿ ಎಲ್ಲವೂ ಸೇರಿರುತ್ತದೆ. ಮಳೆಗಾಲದಲ್ಲಂತೂ ಉಪ್ಪಿನಂಶ ಕುಸಿದಿರುತ್ತದೆ. ಬಳಲಿದ ಹವಳದ ಮೇಲೆ ಆ ಪ್ರಯೋಗ ಬೇಡ.

ಎಲ್ಲಿ ಇಡಲಿ? ಎಷ್ಟು ಬೆಳಕು ಕೊಡಲಿ?

ಮೊದಲು ತಳದಲ್ಲಿ, ಸ್ವಲ್ಪ ಬದಿಗೆ. ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಮನೆ ಮಾಡಿಕೊಂಡಿರುತ್ತದೆ. ಹಗಲು ಅದು ಅಡುಗೆ ಮಾಡುತ್ತದೆ, ಹವಳ ಅದರ ದೊಡ್ಡ ಪಾಲು ಉಣ್ಣುತ್ತದೆ. ಕತ್ತಲಲ್ಲಿ ಪ್ರಯಾಣ ಮಾಡಿ ಬಂದ ಆ ಪಾಚಿಗೆ ಒಮ್ಮೆಲೇ ಜೋರು ಎಲ್‌ಇಡಿ ಬಿದ್ದರೆ ಅಡುಗೆಮನೆಗೇ ಬೆಂಕಿ ಬಿದ್ದಂತಾಗುತ್ತದೆ. ಬೆಳಕನ್ನು ಅರ್ಧಕ್ಕೆ ಇಳಿಸಿ, ಎರಡರಿಂದ ನಾಲ್ಕು ವಾರದಲ್ಲಿ ಮೆಲ್ಲಗೆ ಏರಿಸಿ. ದಿನಕ್ಕೆ 8–10 ಗಂಟೆ ಸಾಕು. ಅಳೆಯುವ ಮೀಟರ್ ಇದ್ದವರಿಗೆ: ಮಶ್ರೂಮ್, ಜೋವಾ, ಲೆದರ್‌ಗೆ ಶುರುವಿನಲ್ಲಿ ಪಾರ್ (ಒಳಗಿನ ಪಾಚಿಯ ಅಡುಗೆಗೆ ಒದಗುವ ಬೆಳಕಿನ ಅಳತೆ) 50–100 ಸಾಕು.

ಜಾಗ ಒಮ್ಮೆ ಆರಿಸಿದ ಮೇಲೆ ಎರಡು ವಾರ ಮುಟ್ಟಬೇಡಿ.

ಬಣ್ಣ ಹೋಗಿ ಬಿಳಿಯಾಗುತ್ತಿದೆ. ಮುಗಿಯಿತಾ?

ಮುಗಿದಿಲ್ಲ. ಒಳಗಿನ ಪಾಚಿಯನ್ನು ಹವಳ ಹೊರಗೆ ಹಾಕಿದಾಗ ಬಿಳಿಯಾಗುತ್ತದೆ. ಬಿಳಿಯಾದ ಹವಳ ಹಸಿದಿದೆ, ಆದರೆ ಬದುಕಿದೆ. ಕಾರಣ ಎರಡೇ ಎರಡು ಸಾಮಾನ್ಯ: ಬಿಸಿ ಜಾಸ್ತಿ, ಇಲ್ಲವೇ ಬೆಳಕು ಜಾಸ್ತಿ.

ಇದನ್ನು ಬರೆಯುವಾಗ ಲಕ್ಷದ್ವೀಪ ನೆನಪಾಗುತ್ತದೆ. 1998, 2010, 2016ರಲ್ಲಿ ಅಲ್ಲಿನ ಹವಳ ಹೀಗೇ ಬೆಳ್ಳಗಾದದ್ದು. ಬೇಸಿಗೆಯ ಅತಿ ಬಿಸಿ ತಿಂಗಳಿಗಿಂತ ನೀರು ಬರೀ 1 ಡಿಗ್ರಿ ಏರಿ ಕೆಲವು ವಾರ ನಿಂತರೆ ಸಾಕು, ಕಡಲಲ್ಲೇ ಹವಳ ಬಿಳಿಚುತ್ತದೆ. 2024ರ ಏಪ್ರಿಲ್‌ನಲ್ಲಿ ಜಗತ್ತಿನ ನಾಲ್ಕನೇ ಮಹಾ ಬಿಳಿಚುವಿಕೆ ಘೋಷಣೆಯಾಯಿತು. ಅಷ್ಟು ದೊಡ್ಡ ಕಡಲಲ್ಲಿ ಒಂದು ಡಿಗ್ರಿಗೆ ಹೀಗಾದರೆ ನಮ್ಮ ನೂರಿನ್ನೂರು ಲೀಟರಿನ ಗಾಜಿನ ಪೆಟ್ಟಿಗೆಯಲ್ಲಿ ಮೂರು ಡಿಗ್ರಿ ಏರಿಳಿತ ಎಷ್ಟು ಕಷ್ಟ, ಅಲ್ವಾ?

ನೆರಳಿನ ಜಾಗಕ್ಕೆ ಒಮ್ಮೆ ಸರಿಸಿ. ಪೂರ್ತಿ ಕತ್ತಲು ಮಾಡಬೇಡಿ, ಉಳಿದಿರುವ ಪಾಚಿಗೂ ಬೆಳಕು ಬೇಕು. ಬಿಸಿಯನ್ನು 25–26ರಲ್ಲಿ ನಿಲ್ಲಿಸಿ. ಬಣ್ಣ ಮರಳಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು.

ಕಂದು ಬಣ್ಣಕ್ಕೆ ತಿರುಗಿದರೆ ಅದು ಉಲ್ಟಾ ಕಥೆ. ಬೆಳಕು ಕಡಿಮೆ ಅಥವಾ ಪೋಷಕಾಂಶ ಜಾಸ್ತಿಯಾಗಿ ಒಳಗಿನ ಪಾಚಿ ಹೆಚ್ಚಿದೆ. ಅಂದ ಕೆಟ್ಟಿರಬಹುದು, ಆರೋಗ್ಯ ಕೆಟ್ಟಿಲ್ಲ.

ವೇವ್‌ಮೇಕರ್ (ಟ್ಯಾಂಕಿನಲ್ಲಿ ಹರಿವು ಉಂಟುಮಾಡುವ ಪಂಪ್) ಎಷ್ಟು ಜೋರಾಗಿರಬೇಕು?

ಪಾಲಿಪ್‌ಗಳು ಗಾಳಿಗೆ ತೂಗುವ ರಾಗಿ ತೆನೆಯಂತೆ ಆಡುತ್ತಿದ್ದರೆ ಸರಿ. ಒಂದೇ ಕಡೆಗೆ ಬಾಗಿ ಅಂಟಿಕೊಂಡಿದ್ದರೆ ಜಾಸ್ತಿಯಾಯಿತು. ಲೆದರ್‌ಗೆ ಸ್ವಲ್ಪ ಚುರುಕಾದ ಹರಿವು ಬೇಕು, ಮಶ್ರೂಮ್‌ಗೆ ಮಂದ ಹರಿವು. ಯಾವುದಕ್ಕೂ ಪಂಪಿನ ಬಾಯಿ ನೇರವಾಗಿ ಎದುರಾಗಬಾರದು.

ಹಸಿದಿರಬಹುದು. ಏನಾದರೂ ತಿನ್ನಿಸಲಾ?

ಮೊದಲ ವಾರ ಬೇಡ. ಮುಚ್ಚಿದ ಬಾಯಿಗೆ ಊಟ ಹೋಗುವುದಿಲ್ಲ, ಪಕ್ಕದಲ್ಲಿ ಬಿದ್ದು ಕೊಳೆಯುತ್ತದೆ. ಅರಳಿದ ಮೇಲೆ ವಾರಕ್ಕೆ ಒಂದೆರಡು ಸಲ ಪುಡಿ ಆಹಾರ ಚಿಟಿಕೆಯಷ್ಟು, ಪಂಪ್ ಹತ್ತು ನಿಮಿಷ ನಿಲ್ಲಿಸಿ. ಮೀನಿರುವ ಟ್ಯಾಂಕಿನಲ್ಲಿ ಲೆದರ್‌ಗೆ ಬೇರೆ ಊಟವೇ ಬೇಕಿಲ್ಲ.

ಬೇಸಿಗೆ, ಕರೆಂಟ್ ಹೋಗುವುದು – ಇವನ್ನು ಹೇಗೆ ನಿಭಾಯಿಸಲಿ?

ಏಪ್ರಿಲ್ ಮಧ್ಯಾಹ್ನ ಬೆಂಗಳೂರಿನ ಮಹಡಿ ಮನೆಯಲ್ಲಿ ಟ್ಯಾಂಕ್ 30 ಡಿಗ್ರಿ ದಾಟುವುದು ಸುಲಭ. ದೀಪ, ಪಂಪ್‌ಗಳ ಬಿಸಿಯೂ ಸೇರುತ್ತದೆ. ನೀರಿನ ಮೇಲ್ಮೈಗೆ ಅಡ್ಡವಾಗಿ ಗಾಳಿ ಬೀಸುವ ಸಣ್ಣ ಫ್ಯಾನ್ ಇಟ್ಟರೆ ಒಣ ಹವೆಯಲ್ಲಿ 2–3 ಡಿಗ್ರಿ ಇಳಿಯುತ್ತದೆ. ಮಂಗಳೂರಿನ ಸೆಕೆಯಲ್ಲಿ ಅಷ್ಟು ಇಳಿಯುವುದಿಲ್ಲ, ಗಾಳಿಯಲ್ಲೇ ತೇವ ತುಂಬಿರುತ್ತದೆ. ಅಲ್ಲಿ ನೀರು ತಂಪು ಮಾಡುವ ಚಿಲ್ಲರ್ ಯಂತ್ರ ಇಲ್ಲದೆ ಕಷ್ಟ. ದೀಪದ ಹೊತ್ತನ್ನು ಸಂಜೆಗೆ ಸರಿಸುವುದೂ ಒಂದು ಉಪಾಯ.

ಫ್ಯಾನ್ ಹಾಕಿದರೆ ನೀರು ಬೇಗ ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟಕ್ಕೆ ಸೊನ್ನೆ ಟಿಡಿಎಸ್ ಸಿಹಿನೀರನ್ನೇ ಸೇರಿಸಿ, ದಿನವೂ ಸೇರಿಸಿ. ವಾರ ಬಿಟ್ಟು ಒಂದೇ ಸಲ ಬಕೆಟ್ ಸುರಿದರೆ ಉಪ್ಪಿನಂಶ ದಡಬಡ ಇಳಿಯುತ್ತದೆ.

ಕರೆಂಟ್ ಹೋದರೆ ಮೊದಲು ಬೇಕಾದ್ದು ಆಮ್ಲಜನಕ. ಮನೆಯ ಯುಪಿಎಸ್‌ಗೆ ಒಂದು ವೇವ್‌ಮೇಕರ್ ಮಾತ್ರ ಜೋಡಿಸಿ. ದೀಪ ಕೆಲವು ಗಂಟೆ ಇಲ್ಲದಿದ್ದರೆ ಏನೂ ಆಗುವುದಿಲ್ಲ.

ನೀರೆಲ್ಲ ಸರಿಯಿದೆ, ಆದರೂ ಮುದುಡುತ್ತಿದೆ. ಮನೆಯಲ್ಲಿ ಬೇರೆ ಏನು ಕಾರಣ ಇರಬಹುದು?

ಸೊಳ್ಳೆ ಔಷಧ. ಲಿಕ್ವಿಡ್ ಯಂತ್ರ, ಕಾಯಿಲ್, ಜಿರಳೆ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್‌ಗಳು ಸಿಗಡಿ, ಏಡಿ, ಮೀನುಗಳಿಗೆ ಕಡು ವಿಷ. ಹವಳವಿರುವ ಕೋಣೆಯಲ್ಲಿ ಇವು ಬೇಡವೇ ಬೇಡ, ಸೊಳ್ಳೆ ಪರದೆ ಕಟ್ಟಿ. ಊದುಬತ್ತಿ, ಧೂಪದ ಹೊಗೆಯನ್ನು ಸ್ಕಿಮ್ಮರ್ (ಗಾಳಿಗುಳ್ಳೆಗಳಿಂದ ನೀರಿನ ಕೊಳೆ ತೆಗೆಯುವ ಯಂತ್ರ) ಗಾಳಿಯ ಜೊತೆ ಎಳೆದು ನೀರಿಗೆ ಬೆರೆಸುತ್ತದೆ. ದೇವರ ಕೋಣೆ ಪಕ್ಕದಲ್ಲಿದ್ದರೆ ಪೂಜೆಯ ಹೊತ್ತಿಗೆ ಸ್ಕಿಮ್ಮರ್ ನಿಲ್ಲಿಸಿ, ಕಿಟಕಿ ತೆಗೆಯಿರಿ. ಹಬ್ಬದ ಮುಂಚಿನ ಸುಣ್ಣ ಬಣ್ಣ, ಫಿನಾಯಿಲ್, ಕೈಗೆ ಹಚ್ಚಿದ ಲೋಷನ್ ಇವನ್ನೂ ಯೋಚಿಸಿ. ಅನುಮಾನ ಬಂದರೆ ವಿಷ ಹೀರಿಕೊಳ್ಳುವ ಇದ್ದಿಲು, ಅಂದರೆ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಶೇಕಡಾ 20ರಷ್ಟು ನೀರು ಬದಲಿಸಿ.

ಇನ್ನೊಂದು ಕಾರಣ ನೆರೆಹೊರೆ. ಲೆದರ್‌ಗಳು ಸಾರ್ಕೋಫೈನ್‌ನಂಥ ವಿಷವನ್ನು ನೀರಿಗೆ ಬಿಡುತ್ತವೆ, ಪಕ್ಕದ ಹವಳ ಬೆಳೆಯದಂತೆ ನೋಡಿಕೊಳ್ಳುತ್ತವೆ. ಅದಕ್ಕೂ ಕಾರ್ಬನ್ನೇ ಮದ್ದು. ಮೂರನೆಯದು ತಾಮ್ರ: ಮೀನಿನ ಬಿಳಿಚುಕ್ಕೆ ರೋಗಕ್ಕೆ ಹಾಕುವ ತಾಮ್ರದ ಔಷಧ ಹವಳವನ್ನು ಕೊಲ್ಲುತ್ತದೆ. ಆ ಚಿಕಿತ್ಸೆ ಯಾವಾಗಲೂ ಬೇರೆ ಟ್ಯಾಂಕಿನಲ್ಲಿ.

ಜೋವಾ ಹಿಡಿಯುವಾಗ ಗ್ಲೌಸ್ ಬೇಕಾ?

ಬೇಕೇ ಬೇಕು, ಕನ್ನಡಕವೂ ಬೇಕು. ಜೋವಾ ಮತ್ತು ಅದರ ಬಂಧು ಪಾಲಿಥೋವಾಗಳಲ್ಲಿ ಪಾಲಿಟಾಕ್ಸಿನ್ ಎಂಬ ವಿಷ ಇರಬಹುದು. 1971ರಲ್ಲಿ ಹವಾಯಿಯ ಪಾಲಿಥೋವಾದಿಂದ ಇದನ್ನು ಬೇರ್ಪಡಿಸಿದ ವರದಿ ಬಂತು. ಗೊತ್ತಿರುವ ಅತ್ಯಂತ ತೀಕ್ಷ್ಣ ವಿಷಗಳಲ್ಲಿ ಇದೂ ಒಂದು. ಕೈಯಲ್ಲಿ ಗಾಯವಿದ್ದರೆ ಮುಟ್ಟಬೇಡಿ. ಇವು ಅಂಟಿದ ಕಲ್ಲನ್ನು ಕುದಿಸುವುದು, ಬಿಸಿನೀರು ಸುರಿಯುವುದು, ಒಣಗಿದ ಮೇಲೆ ಉಜ್ಜುವುದು ಯಾವತ್ತೂ ಬೇಡ. ಆವಿಯನ್ನು ಉಸಿರಾಡಿ ಇಡೀ ಕುಟುಂಬ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ಆಗಿವೆ. ಮುಟ್ಟಿದ ಮೇಲೆ ಬಾಯಲ್ಲಿ ಲೋಹದ ರುಚಿ, ಉಸಿರಾಟದ ಕಷ್ಟ, ಎದೆ ಬಿಗಿತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಪಾಲಿಟಾಕ್ಸಿನ್ ಎಂದು ಹೆಸರು ಹೇಳಿ.

ನೇತ್ರಾಣಿಯಲ್ಲಿ ಹವಳ ನೋಡಿದೆ. ಒಂದು ಚೂರು ತರಬಹುದಿತ್ತಾ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ಗೆ 2001ರಲ್ಲಿ ಎಲ್ಲ ಕಲ್ಲುಹವಳ, ಕಪ್ಪುಹವಳ, ಬೆಂಕಿಹವಳ, ಆರ್ಗನ್ ಪೈಪ್ ಹವಳ, ಸೀ ಫ್ಯಾನ್ ಸೇರಿವೆ. ಹುಲಿಗೆ ಇರುವಂಥದೇ ರಕ್ಷಣೆ. ದಡಕ್ಕೆ ಬಂದು ಬಿದ್ದ ಸತ್ತ ತುಂಡನ್ನೂ ಎತ್ತಿಕೊಳ್ಳಬೇಡಿ. ಅಂಗಡಿಯಲ್ಲಿ ಕೊಳ್ಳುವಾಗಲೂ ಎಲ್ಲಿಂದ ಬಂತು ಎಂದು ಕೇಳಿ, ಬಿಲ್ ಪಡೆಯಿರಿ. ಉತ್ತರ ಸಿಗದಿದ್ದರೆ ಕೊಳ್ಳಬೇಡಿ. ಟ್ಯಾಂಕಿನಲ್ಲೇ ಬೆಳೆಸಿ ಕತ್ತರಿಸಿದ ಫ್ರ್ಯಾಗ್‌ಗಳು ಟ್ಯಾಂಕಿನ ಜೀವನಕ್ಕೆ ಮೊದಲೇ ಒಗ್ಗಿರುತ್ತವೆ, ಬೇಗ ಚೇತರಿಸಿಕೊಳ್ಳುತ್ತವೆ. ಅಮೆರಿಕ, ಯುರೋಪಿನಲ್ಲಿರುವ ಕನ್ನಡಿಗರು ಗಮನಿಸಿ: ಕಲ್ಲುಹವಳಗಳು ಸೈಟಿಸ್ ಎಂಬ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ, ಪರವಾನಗಿಯಿಲ್ಲದೆ ಗಡಿ ದಾಟಿಸುವಂತಿಲ್ಲ.

ಒಂದು ತಿಂಗಳಾಯಿತು, ಇನ್ನೂ ಅರಳಿಲ್ಲ. ಈಗೇನು?

ಈಗ ಕೈ ಹಾಕುವ ಸಮಯ. ರಾತ್ರಿ ದೀಪ ಆರಿ ಒಂದು ಗಂಟೆಯಾದ ಮೇಲೆ ಕೆಂಪು ಬೆಳಕಿನ ಟಾರ್ಚ್ ಹಿಡಿದು ನೋಡಿ. ಹುಳು, ಏಡಿ ಕಚ್ಚುತ್ತಿದ್ದರೆ ಆಗಲೇ ಕಾಣುವುದು. ಹಗಲು ದೂರದಲ್ಲಿ ಕೂತು ಹತ್ತು ನಿಮಿಷ ಮೀನುಗಳನ್ನು ಗಮನಿಸಿ. ಏಂಜೆಲ್ ಮೀನು, ಬಟರ್‌ಫ್ಲೈ ಮೀನು ಕುಕ್ಕುತ್ತಿರಬಹುದು. ಕಾರ್ಬನ್ ಹೊಸದು ಹಾಕಿ. ಉಪ್ಪಿನಂಶವನ್ನು ಬೇರೆಯವರ ಮೀಟರ್‌ನಲ್ಲಿ ಇನ್ನೊಮ್ಮೆ ಅಳೆಯಿರಿ, ಎಷ್ಟೋ ಸಲ ತಪ್ಪಿರುವುದು ನಮ್ಮ ಮೀಟರ್. ಬುಡದಲ್ಲಿ ಕೊಳೆತ ಭಾಗವಿದ್ದರೆ ಹರಿತವಾದ ಬ್ಲೇಡ್‌ನಿಂದ ಚೆನ್ನಾಗಿರುವ ಜಾಗದವರೆಗೆ ಕತ್ತರಿಸಿ, ಅಯೋಡಿನ್ ಡಿಪ್ ಮಾಡಿ, ಹೊಸ ಪ್ಲಗ್‌ಗೆ ರಬ್ಬರ್ ಬ್ಯಾಂಡ್‌ನಿಂದ ಸಡಿಲವಾಗಿ ಕಟ್ಟಿ. ಲೆದರ್ ಕೋರಲ್ ಕತ್ತರಿಸಿದ ತುಂಡಿನಿಂದಲೂ ಮತ್ತೆ ಬೆಳೆಯುತ್ತದೆ. ಆಮೇಲೆ ಹರಿವು ಸ್ವಲ್ಪ ಬೇರೆಯಾಗಿರುವ ಒಂದು ಜಾಗ ಆರಿಸಿ ಅಲ್ಲಿಗೆ ಸರಿಸಿ. ತಾರೀಖು ಬರೆದಿಟ್ಟುಕೊಂಡು, ದಿನಾ ಒಂದೇ ಹೊತ್ತಿಗೆ ಫೋಟೋ ತೆಗೆಯಿರಿ. ಒಂದು ದಿನದಲ್ಲಿ ಕಾಣದ ಬದಲಾವಣೆ ಹದಿನಾಲ್ಕು ಫೋಟೋ ಸಾಲಾಗಿ ಇಟ್ಟಾಗ ಕಾಣುತ್ತದೆ.